ಭಾರ ಹೊರದ ಚೆಲುವು

ಕಟ್ಟಡಗಳನ್ನು ಕುರಿತು ವಿಮರ್ಶೆ ಬರೆಯಲು ಹೊರಟ ಸಾಹಿತ್ಯದ ಮೇಷ್ಟರಿಗೆ ಮೊದಲು ಎದುರಾಗುವ ಆಕ್ಷೇಪಣೆ ಇದು: ಕಾವ್ಯ ಓದಿದವನು ಕಾವ್ಯದ ಮಾತಾಡಲಿ, ಇಟ್ಟಿಗೆ ಉಕ್ಕುಗಳ ಗೊಡವೆ ಅವನಿಗೇಕೆ? ಆಕ್ಷೇಪಣೆ ನ್ಯಾಯವಾದದ್ದೇ. ಯಾವ ತೊಲೆ ಎಷ್ಟು ಭಾರ ತಾಳುತ್ತದೆಂಬ ಲೆಕ್ಕ ನನಗೆ ತಿಳಿಯದು. ಆದರೆ ಹಿಡಿಸದ ಪುಸ್ತಕವನ್ನು ಮುಚ್ಚಿ ಬದಿಗಿಡಬಹುದು. ಬೀದಿಯಲ್ಲಿ ನಿಂತ ಅರುವತ್ತು ಅಂತಸ್ತಿನ ಕಟ್ಟಡವನ್ನು ಬದಿಗಿಡುವುದೆಲ್ಲಿ? ಆ ಬೀದಿಯಲ್ಲಿ ನಡೆಯುವವನು ಅದನ್ನು ಓದಲೇಬೇಕು. ಓದಿದ ಮೇಲೆ ಒಂದು ಅಭಿಪ್ರಾಯ ಬಂದೇ ಬರುತ್ತದೆ. ಷಿಕಾಗೋ ನಗರದಲ್ಲಿ ನದಿಯ ದಂಡೆ ಹಿಡಿದು ಮೂರು ದಿನ ನಡೆದಾಡಿದಾಗ ನನಗೆ ಬಂದ ಅಭಿಪ್ರಾಯಗಳನ್ನೂ, ಅವಕ್ಕಿಂತ ಮುಖ್ಯವಾಗಿ, ನಾನು ಅಲ್ಲಿ ಬಿಟ್ಟುಬಂದ ಒಂದು ಹಳೆಯ ಅಭಿಪ್ರಾಯವನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಒಂದು ಶಬ್ದದ ಮಾತು. ಇಂಗ್ಲಿಷರು ಸ್ಕೈಸ್ಕ್ರೇಪರ್ ಎನ್ನುವುದನ್ನು ನಾವು ಗಗನಚುಂಬಿ ಎನ್ನುತ್ತೇವೆ. ಅವರದು ಆಕಾಶವನ್ನು ಕೆರೆಯುವ ವ್ಯಾಪಾರ, ನಮ್ಮದು ಮುದ್ದಿಡುವ ವ್ಯಾಪಾರ ಎಂದು ನಮ್ಮಲ್ಲಿ ಕೆಲವರು ಬೀಗುವುದುಂಟು. ಬೀಗಬೇಕಾದ್ದಿಲ್ಲ. ಮೋಡವನ್ನು ಉಜ್ಜುವಂಥದು ಎಂಬರ್ಥದ 'ಅಭ್ರಂಕಷ', ಮೋಡವನ್ನು ನೆಕ್ಕುವಂಥದು ಎಂಬರ್ಥದ 'ಅಭ್ರಂಲಿಹ' ಎರಡೂ ಸಂಸ್ಕೃತದಲ್ಲಿವೆ. ಪಾಣಿನಿಯ ಸೂತ್ರಗಳಿಂದಲೇ ಸಿದ್ಧವಾಗುವ ರೂಪಗಳು ಅವು. ಕಾಳಿದಾಸ ಮೇಘದೂತದಲ್ಲಿ ಅಲಕೆಯ ಸೌಧಗಳಿಗೆ ಎರಡನೆಯದನ್ನು ಬಳಸಿದ್ದಾನೆ. ಎತ್ತರದ ಆಸೆ ಯಾವ ಒಂದು ದೇಶದ್ದೂ ಅಲ್ಲ. ಅದನ್ನು ಉಕ್ಕಿನಲ್ಲಿ ಹೊಯ್ದು ಬಾಡಿಗೆಗೆ ಕೊಟ್ಟದ್ದು ಮಾತ್ರ ಷಿಕಾಗೋ.

೧೮೭೧ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದು ಆ ಊರಿನ ನಡುಭಾಗವೆಲ್ಲ ಸುಟ್ಟುಹೋಯಿತು. ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಆ ಬೂದಿಯ ಮೇಲೆ ಮತ್ತೆ ಕಟ್ಟುವಾಗ ನೆಲದ ಬೆಲೆ ಏರಿತು. ಲಿಫ್ಟು ಆಗಲೇ ಬಂದಿತ್ತು. ಗೋಡೆ ಭಾರ ಹೊರುವ ಬದಲು ಲೋಹದ ಚೌಕಟ್ಟು ಭಾರ ಹೊತ್ತು, ಗೋಡೆ ಅದರ ಮೇಲೆ ಬಟ್ಟೆಯಂತೆ ತೂಗುವ ಉಪಾಯವೂ ಕೈಗೆ ಹತ್ತಿತು. ೧೮೮೫ರಲ್ಲಿ ವಿಲಿಯಂ ಲೆ ಬ್ಯಾರನ್ ಜೆನ್ನಿ ಕಟ್ಟಿದ ಹತ್ತು ಅಂತಸ್ತಿನ ಹೋಂ ಇನ್ಷೂರೆನ್ಸ್ ಕಟ್ಟಡವನ್ನು ಜಗತ್ತಿನ ಮೊದಲ ಗಗನಚುಂಬಿ ಎನ್ನುವವರುಂಟು, ಅಲ್ಲವೆಂದು ವಾದಿಸುವವರೂ ಉಂಟು. ವಾದವನ್ನು ತೀರಿಸಲು ಕಟ್ಟಡ ಈಗ ಇಲ್ಲ, ೧೯೩೧ರಲ್ಲಿ ಕೆಡವಿದರು. ನದಿಯ ಕಥೆ ಇನ್ನೂ ವಿಚಿತ್ರ. ಊರಿನ ಕೊಳಚೆ ನದಿಯಿಂದ ಮಿಚಿಗನ್ ಸರೋವರಕ್ಕೆ ಸೇರಿ, ಅದೇ ಸರೋವರದ ನೀರನ್ನು ಊರು ಕುಡಿಯಬೇಕಾಗಿತ್ತು. ೧೯೦೦ರಲ್ಲಿ ದೊಡ್ಡದೊಂದು ಕಾಲುವೆ ತೋಡಿ ನದಿಯ ಹರಿವನ್ನೇ ಹಿಂದುಮುಂದು ಮಾಡಿದರು. ಅಂದಿನಿಂದ ಆ ನೀರು ಸರೋವರಕ್ಕೆ ಬೆನ್ನು ಹಾಕಿ ಮಿಸಿಸಿಪ್ಪಿಯ ಕಡೆಗೆ ಹರಿಯುತ್ತಿದೆ. ನದಿಗೇ ದಾರಿ ಬದಲಾಯಿಸು ಎಂದವರು ಆಕಾಶಕ್ಕೆ ಅಂಜುವರೆ?

ಇನ್ನು ನನ್ನ ಹಳೆಯ ಅಭಿಪ್ರಾಯ. ಅಲಂಕಾರವೆಂಬುದು ವಸ್ತುವಿಗೆ ಹೊರಗಿನಿಂದ ತೊಡಿಸಿದ ಒಡವೆ, ಒಳ್ಳೆಯ ಕೃತಿಗೆ ಅದು ಬೇಡ ಎಂದು ನಾನು ಬಹುಕಾಲ ನಂಬಿದ್ದೆ; ನಂಬಿದ್ದಷ್ಟೇ ಅಲ್ಲ, ಪಾಠ ಹೇಳಿದ್ದೆ. ಚಂಪೂ ಕಾವ್ಯ ಓದುವ ಹುಡುಗರಿಗೆ "ಅಷ್ಟಾದಶ ವರ್ಣನೆಗಳನ್ನು ಹಾರಿಸಿ, ಕಥೆಯನ್ನು ಹಿಡಿಯಿರಿ" ಎಂದು ಸಲಹೆ ಕೊಟ್ಟ ಪಾಪ ನನ್ನದು. ಈ ನಂಬಿಕೆಗೆ ಬೆಂಬಲವಾಗಿ ನಾನು ಎಲ್ಲೆಲ್ಲಿಂದಲೋ ಎತ್ತಿ ತಂದುಕೊಂಡಿದ್ದ ಮಾತುಗಳಲ್ಲಿ ಷಿಕಾಗೋದ ವಾಸ್ತುಶಿಲ್ಪಿ ಲೂಯಿ ಸಲಿವನ್ ೧೮೯೬ರಲ್ಲಿ ಹೇಳಿದ್ದೂ ಒಂದು. ಯಾವ ವಸ್ತುವಿನ ರೂಪವಾದರೂ ಅದರ ಕಾರ್ಯವನ್ನು ಅನುಸರಿಸಿ ಬರುತ್ತದೆ ಎಂಬುದು ಅದರ ತಾತ್ಪರ್ಯ. ಅಂದಮೇಲೆ ಕಾರ್ಯಕ್ಕೆ ಬೇಕಾಗದ ರೂಪ ಅನಾವಶ್ಯಕ, ಅಲಂಕಾರ ಭಾರ ಹೊರದು, ಆದ್ದರಿಂದ ಅದು ಸುಳ್ಳು. ತರ್ಕ ಎಷ್ಟು ಸರಾಗವಾಗಿದೆ! ಇಪ್ಪತ್ತನೆಯ ಶತಮಾನದ ಅರ್ಧಕ್ಕರ್ಧ ವಾಸ್ತುಶಿಲ್ಪಿಗಳು ಇದನ್ನೇ ಮಂತ್ರವಾಗಿ ಜಪಿಸಿದರು. ಮಂತ್ರ ಹೇಳಿದ ಋಷಿಯ ಕಟ್ಟಡ ಹೇಗಿದೆಯೆಂದು ನಾನಂತೂ ನೋಡಿರಲಿಲ್ಲ.

ಜೊತೆಗೆ ಬಂದವನು ನನ್ನ ಸೋದರಳಿಯ. ಸಿವಿಲ್ ಇಂಜಿನಿಯರು. ಅವನಿಗೆ ನನ್ನ ಹಳೆಯ ಅಭಿಪ್ರಾಯ ಅಪ್ಪಟವಾಗಿ ಒಪ್ಪಿಗೆ. "ಭಾರ ಹೊರದ್ದೆಲ್ಲ ಕಟ್ಟಡಕ್ಕೆ ಭಾರವೇ, ಮಾವ" ಎನ್ನುವುದು ಅವನ ಸೂತ್ರ. ಅವನ ಮಾತಿನಲ್ಲಿ ನನ್ನ ಪಾಠವೇ ಕೇಳಿಸುತ್ತಿದ್ದುದರಿಂದ ತಿರುಗಿ ಹೇಳುವುದು ಸುಲಭವಾಗಲಿಲ್ಲ.

ನಡಿಗೆ ಆರಂಭವಾದದ್ದು ಮಿಚಿಗನ್ ಅವೆನ್ಯೂದ ಸೇತುವೆಯಿಂದ. ೧೯೨೦ರಲ್ಲಿ ಕಟ್ಟಿದ ಈ ಸೇತುವೆ ಎತ್ತರದ ದೋಣಿಗಳು ಬಂದಾಗ ನಡುವೆ ಸೀಳಿ ಎರಡು ರೆಕ್ಕೆಗಳಂತೆ ಮೇಲೇಳುತ್ತದೆ. ಅದರ ಉತ್ತರಕ್ಕೆ ಎರಡು ಪ್ರಸಿದ್ಧ ಕಟ್ಟಡಗಳು ಎದುರುಬದುರಾಗಿ ನಿಂತಿವೆ. ಎಡಕ್ಕೆ ರಿಗ್ಲಿ ಕಟ್ಟಡ, ಚೂಯಿಂಗ್ ಗಮ್ ಮಾರಿ ಹಣ ಮಾಡಿದವರದು. ಸೆವಿಲ್ ನಗರದ ಹಿರಾಲ್ಡಾ ಗೋಪುರವನ್ನು ನೆನಪಿಸುವ ಗಡಿಯಾರದ ಶಿಖರ. ಮೈತುಂಬ ಹೊಳಪಿನ ಬಿಳಿ ಟೆರಕೋಟಾ ಹೆಂಚು. ಬಿಳಿ ಎಂದರೆ ಒಂದೇ ಬಿಳಿಯಲ್ಲ; ಬುಡದಲ್ಲಿ ಕೊಂಚ ಮಂಕು, ಮೇಲೆ ಹೋದಂತೆ ಹಂತಹಂತವಾಗಿ ಇನ್ನೂ ಬಿಳಿ. ಹೀಗಾಗಿ ಬಿಸಿಲು ಇಲ್ಲದ ದಿನವೂ ತುದಿಗೆ ಬಿಸಿಲು ಬಿದ್ದಂತೆ ಕಾಣುತ್ತದೆ. ಇದು ಮೋಸವೆನ್ನಬಹುದು. ಮೋಸವೇ, ಆದರೆ ಹಬ್ಬದ ದಿನ ಮನೆಗೆ ಸುಣ್ಣ ಬಳಿಯುವುದರಲ್ಲಿರುವಷ್ಟು ಮೋಸ. ನೋಡುವವನಿಗೂ ಗೊತ್ತು, ಬಳಿದವನಿಗೂ ಗೊತ್ತು. ಒಳ್ಳೆಯ ಚಾಟುಪದ್ಯವನ್ನು ಕೇಳಿದಂತೆ ನಕ್ಕು ಮುಂದಕ್ಕೆ ಹೋಗಬಹುದು.

ಬಲಕ್ಕಿರುವ ಟ್ರಿಬ್ಯೂನ್ ಗೋಪುರ ಹಾಗೆ ಬಿಡುವುದಿಲ್ಲ. ಇದು ಒಂದು ದಿನಪತ್ರಿಕೆ ತನಗಾಗಿ ಕಟ್ಟಿಸಿಕೊಂಡ ಮನೆ. ಜಗತ್ತಿನಲ್ಲೇ ಅತ್ಯಂತ ಸುಂದರವಾದ ಕಚೇರಿ ಬೇಕೆಂದು ೧೯೨೨ರಲ್ಲಿ ಪತ್ರಿಕೆ ಸ್ಪರ್ಧೆ ಏರ್ಪಡಿಸಿತು. ಮೊದಲ ಬಹುಮಾನ ಐವತ್ತು ಸಾವಿರ ಡಾಲರು. ಇಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ಇನ್ನೂರೈವತ್ತಕ್ಕೂ ಮಿಕ್ಕಿ ನಕ್ಷೆಗಳು ಬಂದವು. ಅಲಂಕಾರವನ್ನು ಅಪರಾಧದ ಸಾಲಿಗೆ ಸೇರಿಸಿ ಬರೆದಿದ್ದ ವಿಯನ್ನಾದ ಅಡಾಲ್ಫ್ ಲೂಸ್, ಇಡೀ ಕಟ್ಟಡವನ್ನೇ ಒಂದು ಭಾರಿ ಗ್ರೀಕ್ ಕಂಬವಾಗಿ ಬರೆದು ಕಳಿಸಿದ. ತಮಾಷೆಗೋ ನಿಜಕ್ಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಗೆದ್ದವರು ಹವೆಲ್ಸ್ ಮತ್ತು ಹುಡ್. ಅವರ ಗೋಪುರದ ತುದಿಯಲ್ಲಿ ಮಧ್ಯಯುಗದ ಇಗರ್ಜಿಯ ಆನಿಕೆ ಕಮಾನುಗಳಿವೆ. ಇಗರ್ಜಿಯಲ್ಲಿ ಆ ಕಮಾನುಗಳು ಹೊರಕ್ಕೆ ಬಾಗುವ ಕಲ್ಲುಗೋಡೆಗೆ ಒತ್ತುಕೊಟ್ಟು ನಿಲ್ಲುತ್ತವೆ. ಇಲ್ಲಿ ಒಳಗೆ ಉಕ್ಕಿನ ಚೌಕಟ್ಟು ತನ್ನಷ್ಟಕ್ಕೆ ನಿಂತಿದೆ. ಕಮಾನುಗಳು ಊರುಗೋಲು ಹಿಡಿದು ಫೋಟೋ ತೆಗೆಸಿಕೊಂಡ ಗಟ್ಟಿಮುಟ್ಟಾದ ಯುವಕನಂತಿವೆ.

ಎರಡನೆಯ ಬಹುಮಾನ ಫಿನ್ಲೆಂಡಿನ ಎಲಿಯೆಲ್ ಸಾರಿನನ್‌ಗೆ ಸಿಕ್ಕಿತು. ಆಗ ಕೆಲಸವಿಲ್ಲದೆ, ಹಣವಿಲ್ಲದೆ ಬದುಕಿದ್ದ ಮುದುಕ ಸಲಿವನ್ ೧೯೨೩ರಲ್ಲಿ ಒಂದು ಲೇಖನ ಬರೆದು, ತೀರ್ಪುಗಾರರು ತಪ್ಪಿದರು, ಗೆಲ್ಲಬೇಕಾದದ್ದು ಸಾರಿನನ್ ಎಂದು ಸಾರಿದ. ಸೋತ ನಕ್ಷೆಯ ಪರವಾಗಿ, ಊರಿನ ಬಲಿಷ್ಠ ಪತ್ರಿಕೆಯ ಆಯ್ಕೆಯ ವಿರುದ್ಧ, ಏನೂ ಲಾಭವಿಲ್ಲದ ಮನುಷ್ಯ ಬರೆದ ವಿಮರ್ಶೆ ಅದು. ಮರುವರ್ಷ ಏಪ್ರಿಲಿನಲ್ಲಿ ಒಂದು ಹೋಟೆಲಿನ ಕೋಣೆಯಲ್ಲಿ ಅವನು ತೀರಿಕೊಂಡ.

ಗೋಪುರದ ಬುಡದ ಗೋಡೆಯಲ್ಲಿ ಮತ್ತೊಂದು ಚೋದ್ಯವಿದೆ. ಜಗತ್ತಿನ ಹೆಸರಾಂತ ಕಟ್ಟಡಗಳಿಂದ ತಂದ ನೂರಕ್ಕೂ ಹೆಚ್ಚು ಕಲ್ಲಿನ ಚೂರುಗಳನ್ನು ಅಲ್ಲಿ ಹುದುಗಿಸಿ, ಕೆಳಗೆ ಹೆಸರು ಕೊರೆದಿದ್ದಾರೆ. ಪಾರ್ಥೆನಾನ್, ಚೀನದ ಮಹಾಗೋಡೆ. ನಮ್ಮ ತಾಜಮಹಲಿನದೂ ಒಂದು ತುಣುಕು. ಅಂಗೈಯಗಲದ ಆ ಕಲ್ಲನ್ನು ನೋಡಿ ನನಗೆ ಹೆಮ್ಮೆಯೂ ಆಗಲಿಲ್ಲ, ಕೋಪವೂ ಬರಲಿಲ್ಲ. ಉದ್ಧರಣೆಗಳಿಂದಲೇ ತುಂಬಿದ ಪ್ರಬಂಧಗಳ ನೆನಪಾಯಿತು. ಎಲ್ಲ ದೊಡ್ಡವರ ಒಂದೊಂದು ಸಾಲು ಇದೆ, ಬರೆದವನದು ಮಾತ್ರ ಎಲ್ಲಿಯೂ ಇಲ್ಲ. ಪತ್ರಿಕೆ ೨೦೧೮ರಲ್ಲಿ ಈ ಮನೆ ಬಿಟ್ಟು ಹೋಯಿತು. ಸುದ್ದಿ ಬರೆಯುತ್ತಿದ್ದ ಕೋಣೆಗಳು ಈಗ ಸ್ಥಿತಿವಂತರ ವಾಸದ ಮನೆಗಳು. ಹಾಗಿದ್ದೂ ಸಂಜೆಯ ಬೆಳಕಿನಲ್ಲಿ ಸೇತುವೆಯಿಂದ ನೋಡಿದಾಗ ಆ ಹುಸಿ ಕಮಾನುಗಳು ಚೆಲುವಾಗಿಯೇ ಕಂಡವೆಂದು ಒಪ್ಪಿಕೊಳ್ಳಬೇಕು. ಸುಳ್ಳು ಎಂದು ತಿಳಿದ ಮೇಲೂ ಚೆಲುವಾಗಿ ಉಳಿಯುವುದನ್ನು ಏನೆಂದು ಕರೆಯುವುದು? ಆ ಪ್ರಶ್ನೆ ಅಲ್ಲಿಂದ ನನ್ನ ಬೆನ್ನು ಹತ್ತಿತು.

ಸೇತುವೆಯಿಂದ ದಕ್ಷಿಣದ ದಂಡೆಗೆ ಇಳಿದರೆ ನೀರಿನ ಮಟ್ಟದಲ್ಲಿಯೇ ಪಶ್ಚಿಮಕ್ಕೆ ನಡೆದು ಹೋಗುವ ದಾರಿಯಿದೆ. ಮೇಲೆ ವ್ಯಾಕರ್ ಡ್ರೈವ್, ೧೯೨೬ರಲ್ಲಿ ಎರಡು ಅಂತಸ್ತಾಗಿ ಕಟ್ಟಿದ ರಸ್ತೆ: ಮೇಲಂತಸ್ತಿನಲ್ಲಿ ಜನ, ಕೆಳಗೆ ಸಾಮಾನಿನ ಗಾಡಿಗಳು. ನೀರಿನಾಚೆ ಮರೀನಾ ಸಿಟಿಯ ಅವಳಿ ಗೋಪುರಗಳು. ಊರಿನವರು ಇವಕ್ಕೆ ಮುಸುಕಿನ ಜೋಳದ ತೆನೆ ಎಂದು ಅಡ್ಡಹೆಸರಿಟ್ಟಿದ್ದಾರೆ. ಕಂಡೊಡನೆ ಯಾರಿಗಾದರೂ ತೋಚುವ ಉಪಮೆ. ಬರ್ಟ್ರಂಡ್ ಗೋಲ್ಡ್‌ಬರ್ಗ್ ೧೯೬೦ರ ದಶಕದ ಮೊದಲಲ್ಲಿ ಕಟ್ಟಿದ್ದು, ಅರುವತ್ತೈದು ಅಂತಸ್ತು. ಕೆಳಗಿನ ಹತ್ತೊಂಬತ್ತರಲ್ಲಿ ಸುರುಳಿಯಾಗಿ ಕಾರುಗಳು ನಿಲ್ಲುತ್ತವೆ, ಅದರ ಮೇಲೆ ಹೂವಿನ ಎಸಳಿನಂತೆ ಮನೆಗಳು. ಕಟ್ಟಿಸಿದವರು ಯಾರೆಂದು ಕೇಳಿದಾಗ ನನಗೆ ಆಶ್ಚರ್ಯವಾಯಿತು: ಕಟ್ಟಡಗಳ ಜವಾನರು, ಕಸ ಗುಡಿಸುವವರು, ಲಿಫ್ಟಿನವರ ಕಾರ್ಮಿಕ ಸಂಘ. ಜನರೆಲ್ಲ ಊರ ನಡುವನ್ನು ಬಿಟ್ಟು ಹೊರವಲಯಕ್ಕೆ ಹೋದರೆ ಗುಡಿಸಲು ಕಟ್ಟಡಗಳೇ ಉಳಿಯುವುದಿಲ್ಲವೆಂದು ಅವರು ತಮ್ಮ ಹಣ ಹೂಡಿದರು. ಹೊಟ್ಟೆಪಾಡಿನ ದೂರದೃಷ್ಟಿಯಿಂದ ಹುಟ್ಟಿದ ಕಟ್ಟಡ ಇಷ್ಟು ಲವಲವಿಕೆಯದಾಗಿದೆ. ಬಾಲ್ಕನಿಗಳ ಅರ್ಧಚಂದ್ರಗಳ ನೆರಳು ಗಂಟೆಗಂಟೆಗೂ ಬದಲಾಗುತ್ತದೆ. ಅಂಟಿಸಿದ ಅಲಂಕಾರ ಒಂದೂ ಇಲ್ಲ, ಆದರೂ ಕಟ್ಟಡವೇ ಅಲಂಕೃತವಾಗಿದೆ. ಸೋದರಳಿಯ ಇದನ್ನು ತನ್ನ ಪಕ್ಷಕ್ಕೆ ಸಾಕ್ಷಿಯಾಗಿ ಬರೆದುಕೊಂಡ. ಬರೆದುಕೊಳ್ಳಲಿ ಎಂದು ಸುಮ್ಮನಾದೆ.

ಅದರ ಪಕ್ಕದಲ್ಲಿ ಗೋಲ್ಡ್‌ಬರ್ಗನ ಗುರು ಮೀಸ್ ವಾನ್ ಡೆರ್ ರೋಹ್‌ನ ಕಪ್ಪು ಪೆಟ್ಟಿಗೆ, ಐಬಿಎಂ ಸಂಸ್ಥೆಗಾಗಿ ಕಟ್ಟಿದ್ದು. ೧೯೬೯ರಲ್ಲಿ ಮೀಸ್ ತೀರಿಕೊಂಡ ಮೇಲೆ ಪೂರ್ಣವಾಯಿತು. ಅದರಾಚೆ ೨೦೦೯ರಲ್ಲಿ ಮುಗಿದ ಟ್ರಂಪ್ ಗೋಪುರ. ಇದನ್ನು ಕುರಿತು ನ್ಯಾಯವಾಗಿ ಮಾತಾಡುವುದು ಕಷ್ಟ. ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಸಿದ್ದಾನೆ. ಪ್ರತಿ ಮೆಟ್ಟಿಲೂ ಒಬ್ಬೊಬ್ಬ ನೆರೆಯವನ ಎತ್ತರಕ್ಕೆ ಹೊಂದುತ್ತದೆ. ಮೊದಲನೆಯದು ರಿಗ್ಲಿಗೆ, ನಡುವಿನದು ಮರೀನಾ ಸಿಟಿಗೆ, ಮೇಲಿನದು ಮೀಸ್‌ನ ಪೆಟ್ಟಿಗೆಗೆ. ಪಂಕ್ತಿಯಲ್ಲಿ ಕುಳಿತ ಹಿರಿಯರಿಗೆಲ್ಲ ನಮಸ್ಕರಿಸಿ ಕುಳಿತ ಹೊಸ ಅಳಿಯನ ವಿನಯ. ಆಮೇಲೆ ೨೦೧೪ರಲ್ಲಿ ಅದರ ಎದೆಯ ಮೇಲೆ ಇಪ್ಪತ್ತು ಅಡಿ ಎತ್ತರದ ಅಕ್ಷರಗಳಲ್ಲಿ ಒಡೆಯನ ಹೆಸರು ಬಂತು. ಊರಿನ ಮೇಯರೇ ಆಕ್ಷೇಪಿಸಿದರೂ ಹೆಸರು ಹೋಗಲಿಲ್ಲ. ಕ್ಷೇಮೇಂದ್ರ ಅನೌಚಿತ್ಯಕ್ಕೆ ಕೊಡುವ ದೃಷ್ಟಾಂತ ಸೊಂಟದ ಪಟ್ಟಿಯನ್ನು ಕೊರಳಿಗೆ ಕಟ್ಟಿಕೊಳ್ಳುವುದು. ಕೊರಳಿಗೆ ಹೆಸರಿನ ಫಲಕ ಕಟ್ಟಿಕೊಂಡವರನ್ನು ಅವನು ನೋಡಿರಲಿಲ್ಲವೆಂದು ತೋರುತ್ತದೆ.

ನದಿ ಕವಲೊಡೆಯುವಲ್ಲಿ ೧೯೮೩ರ ಒಂದು ಹಸುರು ಗಾಜಿನ ಕಟ್ಟಡ ನೀರಿನ ತಿರುವನ್ನೇ ಅನುಸರಿಸಿ ಬಾಗಿದೆ. ಅದರ ಮೈಯಲ್ಲಿ ನದಿಯ ಬಣ್ಣವೂ ಆಕಾಶದ ಮೋಡವೂ ಕಾಣುತ್ತವೆ. ಚೆಲುವಾದದ್ದೆ, ಆದರೆ ಕನ್ನಡಿಯನ್ನು ಹೊಗಳುವುದೆಂದರೆ ಅದರಲ್ಲಿ ಕಂಡದ್ದನ್ನು ಹೊಗಳಿದಂತೆ. ಮುಂದಕ್ಕೆ ನಡೆದೆವು.

ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಹಿಂದೆ ಸಿಯರ್ಸ್ ಎನ್ನಿಸಿಕೊಂಡು ೨೦೦೯ರಿಂದ ವಿಲಿಸ್ ಎನ್ನಿಸಿಕೊಳ್ಳುತ್ತಿರುವ ಗೋಪುರ. ನೂರ ಹತ್ತು ಅಂತಸ್ತು, ಸಾವಿರದ ನಾನೂರ ಐವತ್ತು ಅಡಿ. ೧೯೭೩ರಲ್ಲಿ ತುದಿ ಮುಟ್ಟಿದಂದಿನಿಂದ ೧೯೯೮ರವರೆಗೆ ಇದಕ್ಕಿಂತ ಎತ್ತರದ ಕಟ್ಟಡ ಭೂಮಿಯ ಮೇಲಿರಲಿಲ್ಲ. ಬ್ರೂಸ್ ಗ್ರಹಾಮ್‌ನೊಡನೆ ಇದನ್ನು ಕಲ್ಪಿಸಿದ ಇಂಜಿನಿಯರು ಫಜ್ಲುರ್ ರಹಮಾನ್ ಖಾನ್. ೧೯೨೯ರಲ್ಲಿ ಢಾಕಾದಲ್ಲಿ ಹುಟ್ಟಿ, ೧೯೫೨ರಲ್ಲಿ ಓದಲು ಇಲಿನಾಯ್‌ಗೆ ಬಂದವನು. ಕಟ್ಟಡ ಎತ್ತರವಾದಷ್ಟೂ ಅದನ್ನು ಕಾಡುವುದು ತನ್ನ ತೂಕಕ್ಕಿಂತ ಹೆಚ್ಚಾಗಿ ಗಾಳಿ. ಒಳಗೆಲ್ಲ ಕಂಬ ನೆಡುವ ಬದಲು ಹೊರಮೈಯನ್ನೇ ಬಿದಿರಿನ ಕೊಳವೆಯಂತೆ ಬಿಗಿಯಾಗಿಸಿದರೆ ಕಡಮೆ ಉಕ್ಕಿನಲ್ಲಿ ಗಾಳಿಯನ್ನು ತಡೆಯಬಹುದು ಎಂಬುದು ಖಾನನ ದರ್ಶನ. ೧೯೬೯ರ ಹ್ಯಾನ್‌ಕಾಕ್ ಗೋಪುರದಲ್ಲಿ ಆ ಕೊಳವೆಗೆ ಹೊರಗಡೆ ಕತ್ತರಿಯಾಕಾರದ ದೊಡ್ಡ ಪಟ್ಟಿಗಳನ್ನು ಬಿಗಿದ. ಸಿಯರ್ಸ್‌ನಲ್ಲಿ ಎಪ್ಪತ್ತೈದು ಅಡಿ ಚೌಕದ ಒಂಬತ್ತು ಕೊಳವೆಗಳನ್ನು ಕಟ್ಟಾಗಿ ಕಟ್ಟಿದ. ಎರಡು ಕೊಳವೆ ಐವತ್ತನೆಯ ಅಂತಸ್ತಿಗೆ ನಿಲ್ಲುತ್ತವೆ, ಎರಡು ಅರುವತ್ತಾರಕ್ಕೆ, ಮೂರು ತೊಂಬತ್ತಕ್ಕೆ, ಕೊನೆಯ ಎರಡು ಮಾತ್ರ ತುದಿ ಮುಟ್ಟುತ್ತವೆ.

ಇದು ಸೋದರಳಿಯನ ದೇವಸ್ಥಾನ. ಅವನ ಭಕ್ತಿಯನ್ನು ನಾನು ಹಂಚಿಕೊಂಡೆ, ಅರ್ಧದಷ್ಟು. ದೂರದಿಂದ ನೋಡಿದರೆ ಕಟ್ಟಡ ತನ್ನ ಅಸ್ಥಿಪಂಜರವನ್ನೇ ಅರ್ಥವಾಗಿ ಹೇಳುತ್ತದೆ, ಹೇಳಿದ್ದು ಗಂಭೀರವಾಗಿದೆ. ಆದರೆ ಬುಡಕ್ಕೆ ಬಂದು ನಿಂತವನಿಗೆ ಅದರಲ್ಲಿ ಒಂದು ಮಾತೂ ಇಲ್ಲ. ಕಪ್ಪು ಗೋಡೆ ನೆಲಕ್ಕೆ ಬಂದು ಹಾಗೆಯೇ ನಿಂತುಬಿಡುತ್ತದೆ. ಬಾಗಿಲೆಲ್ಲಿ ಎಂದು ಹುಡುಕಬೇಕು. ಆ ಬುಡವನ್ನು ಕಟ್ಟಿದ ಮೇಲೆ ಒಂದಕ್ಕಿಂತ ಹೆಚ್ಚು ಸಲ ತಿದ್ದಿ, ಮುಂಭಾಗ ಸೇರಿಸಿ, ಬದಲಾಯಿಸಿದ್ದಾರೆಂದು ತಿಳಿದಾಗ ನನ್ನ ಅನಿಸಿಕೆ ಕೇವಲ ಪರದೇಶಿಯ ದೂರಲ್ಲವೆಂದು ಧೈರ್ಯ ಬಂತು. ಇಪ್ಪತ್ತು ಮೈಲಿಯಾಚೆಗೆ ಕೇಳಿಸುವಂತೆ ಮಾತಾಡುವವನು ಎದುರಿಗೆ ಬಂದವನನ್ನು ಮಾತಾಡಿಸದಿದ್ದರೆ ಅದು ಮಾತಿನ ದೋಷವೇ.

ಆಮೇಲೆ ನಾವು ಕಂಡದ್ದು ಮೊನಾಡ್‌ನಾಕ್. ಜ್ಯಾಕ್ಸನ್ ಮತ್ತು ಡಿಯರ್‌ಬಾರ್ನ್ ರಸ್ತೆಗಳು ಸೇರುವಲ್ಲಿ ನಿಂತಿರುವ ಹದಿನಾರು ಅಂತಸ್ತಿನ ಕಂದು ಇಟ್ಟಿಗೆಯ ಕಟ್ಟಡ. ಗಗನಚುಂಬಿ ಎನ್ನಲು ಈಗ ನಗು ಬರುವಷ್ಟು ಕುಳ್ಳು. ಇದರ ಉತ್ತರಾರ್ಧ ೧೮೯೧ರದು. ಉಕ್ಕಿನ ಚೌಕಟ್ಟಿಗೆ ಒಪ್ಪಿಸದೆ ಗೋಡೆಯೇ ತನ್ನ ಭಾರವನ್ನು ಹೊತ್ತಿದೆ, ಹಾಗಾಗಿ ಬುಡದಲ್ಲಿ ಗೋಡೆಯ ದಪ್ಪ ಆರು ಅಡಿ. ಜೌಗಿನ ಮಣ್ಣಿನಲ್ಲಿ ಇದು ತನ್ನ ತೂಕಕ್ಕೇ ಒಂದೂವರೆ ಅಡಿಯಷ್ಟು ಕುಸಿದು ಆಮೇಲೆ ನಿಂತಿತು. ಕಟ್ಟಿಸಿದ ಬಾಸ್ಟನ್ ನಗರದ ಬ್ರೂಕ್ಸ್ ಸಹೋದರರು ಜಿಪುಣ ವರ್ತಕರು. ಧೂಳು ಕೂರುವ ಚಾಚು ಚಿತ್ತಾರಗಳೊಂದೂ ಬೇಡವೆಂದು ಕಟ್ಟಪ್ಪಣೆ ಮಾಡಿದ್ದರು. ಜಾನ್ ರೂಟ್ ಎಂಬ ವಾಸ್ತುಶಿಲ್ಪಿ ಆ ಜಿಪುಣತನವನ್ನೇ ಶೈಲಿಯನ್ನಾಗಿ ಮಾಡಿಕೊಂಡ. ಗೋಡೆ ಬುಡದಲ್ಲಿ ಕೊಂಚ ಹರಡಿ, ಮೇಲೇರುತ್ತ ಒಳಕ್ಕೆ ಬಾಗಿ, ನೆತ್ತಿಯಲ್ಲಿ ಮತ್ತೆ ಹೊರಕ್ಕೆ ಅರಳುತ್ತದೆ. ಮೂಲೆಗಳ ಚೂಪು ಮೇಲೆ ಹೋದಂತೆ ಸವೆಯುತ್ತ ಹೋಗುತ್ತದೆ. ಆ ತಿರುವುಗಳಿಗಾಗಿ ಇಟ್ಟಿಗೆಗಳನ್ನು ಬೇರೆಯಾಗಿಯೇ ಅಚ್ಚು ಹಾಕಿಸಬೇಕಾಯಿತು. ಅಲಂಕಾರವಿಲ್ಲ ಎಂದುಕೊಂಡು ಹೋದವನು ಅರ್ಧ ಗಂಟೆ ನಿಂತು ನೋಡಿದೆ. ಗೋಡೆಗೆ ಉಸಿರು ಇದ್ದಂತೆ ತೋರಿತು. ಕಟ್ಟಡ ಮುಗಿಯುವ ಮುನ್ನವೇ, ೧೮೯೧ರ ಜನವರಿಯಲ್ಲಿ, ನಲವತ್ತೊಂದನೆಯ ವಯಸ್ಸಿಗೆ ರೂಟ್ ತೀರಿಕೊಂಡ.

ದಕ್ಷಿಣಾರ್ಧವನ್ನು ೧೮೯೩ರಲ್ಲಿ ಬೇರೆಯವರು ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿ, ಮೇಲೆ ರೂಢಿಯ ಕಾರ್ನಿಸು, ಬಾಗಿಲಿಗೆ ರೂಢಿಯ ಕಮಾನು ಕೂರಿಸಿದರು. ಎರಡು ಭಾಗಗಳೂ ಅಂಟಿಕೊಂಡೇ ಇವೆ, ಬಣ್ಣವೂ ಒಂದೇ. ಆದರೆ ಎರಡು ವರ್ಷಗಳ ಅಂತರದಲ್ಲಿ ಹೊಸ ತಂತ್ರ ಬಂದು ಹಳೆಯ ಅಲಂಕಾರ ಹಿಂದಿರುಗಿದೆ. ಹಳೆಯ ತಂತ್ರದ ಅರ್ಧವೇ ಹೊಸದಾಗಿ ಕಾಣುತ್ತದೆ, ಹೊಸ ತಂತ್ರದ ಅರ್ಧ ಹಳತಾಗಿ. ತಂತ್ರದ ಪ್ರಗತಿಯೊಡನೆ ಕಲೆಯೂ ಕೈಹಿಡಿದು ನಡೆಯುತ್ತದೆನ್ನುವವರು ಈ ಗೋಡೆಯ ಸೇರುವೆಯಲ್ಲಿ ಒಂದು ಗಳಿಗೆ ನಿಲ್ಲಬೇಕು.

ಹಾಗಾದರೆ ಅಲಂಕಾರ ಬಿಟ್ಟ ರೂಟ್ ಗೆದ್ದನೇ, ನನ್ನ ಹಳೆಯ ಪಾಠ ನಿಂತಿತೇ? ನಿಂತಿತೆಂದೇ ತಿಳಿದು ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳ ಮೂಲೆಗೆ ಹೋದೆ. ಸಲಿವನ್ ೧೮೯೯ರಿಂದ ೧೯೦೪ರೊಳಗೆ ಕಟ್ಟಿದ ಅಂಗಡಿ ಅದು. ಬಹುಕಾಲ ಕಾರ್ಸನ್ ಪೀರಿ ಸ್ಕಾಟ್ ಎಂಬ ಹೆಸರಿನಲ್ಲಿ ನಡೆಯಿತು. ಮೇಲಂತಸ್ತುಗಳು ಬೋಳು ಬಿಳಿ. ಅಗಲ ಕಿಟಕಿಗಳ ಸಾಲು, ಅಷ್ಟೆ. ಮಂತ್ರದ್ರಷ್ಟಾರನಿಗೆ ತಕ್ಕಂತಿದೆ. ಕಣ್ಣು ಕೆಳಗಿಳಿಸಿದರೆ ಮೊದಲೆರಡು ಅಂತಸ್ತಿನ ತುಂಬ ಎರಕದ ಕಬ್ಬಿಣದ ಬಳ್ಳಿ! ಎಲೆ, ಕುಡಿ, ಸುಳಿ, ಸುಳಿಯೊಳಗೆ ಸುಳಿ; ಮೂಲೆಯ ದುಂಡು ಬಾಗಿಲಿನ ಮೇಲೆ ಅದು ಹೊಯ್ಸಳರ ಭುವನೇಶ್ವರಿಗಳನ್ನು ಕಂಡ ಕಣ್ಣಿಗೂ ಸೋಜಿಗವಾಗುವಷ್ಟು ದಟ್ಟವಾಗಿದೆ. ರೂಪ ಕಾರ್ಯವನ್ನು ಅನುಸರಿಸಬೇಕೆಂದವನ ಕೈ ಇದು. ಮೇಲಿನದು ದೂರದಿಂದ ಬರುವವನಿಗೆ, ಅದಕ್ಕೆ ಸರಳತೆ ಸಾಕು. ಕೆಳಗಿನದು ಗಾಜಿಗೆ ಮೂಗು ಹಚ್ಚಿ ನಿಲ್ಲುವವನಿಗೆ, ಅವನನ್ನು ನಿಲ್ಲಿಸುವುದೇ ಇಲ್ಲಿ ಕಾರ್ಯ. ಬೀದಿಯಲ್ಲಿ ನಡೆಯುವವನ ಕಣ್ಣಿನ ಮಟ್ಟ ಯಾವುದೆಂದು ಇವನಿಗೆ ಗೊತ್ತಿತ್ತು.

ಇದೇ ಸಲಿವನ್ ೧೮೯೨ರ ಇನ್ನೊಂದು ಪ್ರಬಂಧದಲ್ಲಿ, ಕೆಲವು ವರ್ಷ ಅಲಂಕಾರವನ್ನು ಪೂರ್ತಿ ಬಿಟ್ಟಿದ್ದರೆ ನಮಗೆ ಒಳ್ಳೆಯದು ಎಂದು ಹೇಳಿದ್ದಾನೆ. ನಮ್ಮಂಥವರು ಎತ್ತಿಕೊಳ್ಳುವುದು ಅಷ್ಟನ್ನೇ. ಮುಂದಕ್ಕೆ ಓದಿದರೆ, ಅಲಂಕಾರವೆಂಬುದು ಅಂಟಿಸಿದಂತಿರದೆ ಆ ವಸ್ತುವಿನ ಒಳಗಿನಿಂದಲೇ ಮೂಡಿಬಂದಂತಿರಬೇಕು ಎನ್ನುತ್ತಾನೆ. ಓದಿದಾಗ ನನಗೆ ನಾಚಿಕೆಯಾಯಿತು. ಒಂದು ಸಾವಿರ ವರ್ಷ ಮೊದಲು ಆನಂದವರ್ಧನ ಹೇಳಿದ್ದು ಇದೇ ಅಲ್ಲವೆ? ಯಾವುದಕ್ಕೆ ಪ್ರತ್ಯೇಕವಾದ ಪ್ರಯತ್ನ ಬೇಕಿಲ್ಲವೋ, ರಸದಲ್ಲಿ ಮುಳುಗಿದ ಕವಿಗೆ ಯಾವುದು ತಾನಾಗಿ ಒದಗುತ್ತದೆಯೋ, ಅದು ಧ್ವನಿಮಾರ್ಗಕ್ಕೆ ಒಪ್ಪುವ ಅಲಂಕಾರ. ಅಲಂಕಾರ ಬೇಕೋ ಬೇಡವೋ ಎಂಬುದಲ್ಲ ಪ್ರಶ್ನೆ. ಎಲ್ಲಿಂದ ಬಂತು ಎಂಬುದು. ಈ ಕಾರಿಕೆಯನ್ನು ನಾನು ತರಗತಿಯಲ್ಲಿ ಹತ್ತಾರು ವರ್ಷ ವಿವರಿಸಿದ್ದೇನೆ. ಅರ್ಥವಾದದ್ದು ಒಂದು ಅಂಗಡಿಯ ಬಾಗಿಲಲ್ಲಿ.

ಇನ್ನೊಂದು ಸಾಕ್ಷಿ ಉಳಿದಿತ್ತು. ಅಲಂಕಾರದ ಕಡುವೈರಿಯೆಂದು ಹೆಸರಾದ ಮೀಸ್, ಸರೋವರದ ದಂಡೆಯಲ್ಲಿ ೧೯೫೧ರಲ್ಲಿ ಮುಗಿಸಿದ ಇಪ್ಪತ್ತಾರು ಅಂತಸ್ತಿನ ಗಾಜಿನ ಗೋಪುರಗಳ ಮೈಮೇಲೆ ಉಕ್ಕಿನ ಪಟ್ಟಿಗಳು ಉದ್ದಕ್ಕೂ ಇಳಿದಿವೆ. ನೋಡಿದವರು ಅದೇ ಕಟ್ಟಡದ ಎಲುಬೆಂದು ತಿಳಿಯುತ್ತಾರೆ. ಎಲುಬಲ್ಲ, ಬೆಂಕಿಯ ಕಾನೂನಿಗಾಗಿ ಎಲುಬು ಕಾಂಕ್ರೀಟಿನೊಳಗೆ ಹುದುಗಿದೆ. ಕಂಬಗಳ ಮೇಲೆ ಕಾಣುವುದು ಹೊರಗಿನಿಂದ ಬೆಸೆದದ್ದು. ಏಕೆಂದು ಕೇಳಿದಾಗ ಮೀಸ್ ಮೊದಲು ಒಂದು ಇಂಜಿನಿಯರಿಂಗ್ ಕಾರಣ ಕೊಟ್ಟು, ಆಮೇಲೆ, ನಿಜವಾದ ಕಾರಣ ಅದಿಲ್ಲದಿದ್ದರೆ ಸರಿಯಾಗಿ ಕಾಣುತ್ತಿರಲಿಲ್ಲ ಎಂಬರ್ಥದಲ್ಲಿ ಉತ್ತರಿಸಿದ. ಪ್ರಾಮಾಣಿಕ ಮನುಷ್ಯ. ಸೋದರಳಿಯನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದು ಅಲಂಕಾರವೇ ಅನ್ನಿ ಮಾವ" ಎಂದ. ಟ್ರಿಬ್ಯೂನಿನ ಕಮಾನೂ ಭಾರ ಹೊರುವುದಿಲ್ಲ, ಮೀಸ್‌ನ ಪಟ್ಟಿಯೂ ಹೊರುವುದಿಲ್ಲ. ಒಂದು ಇನ್ನೊಬ್ಬನ ಕಾವ್ಯದಿಂದ ಕಿತ್ತು ತಂದದ್ದು; ಇನ್ನೊಂದು ಒಳಗೆ ಅಡಗಿರುವ ಉಕ್ಕನ್ನು ಹೊರಗೆ ಸೂಚಿಸುವಂಥದು, ನಮ್ಮವರ ಮಾತಿನಲ್ಲಿ ಧ್ವನಿ. ಟ್ರಿಬ್ಯೂನಿನದು ಚೆಲುವಾಗಿರಬಹುದು, ಆ ಚೆಲುವು ರೂಆನ್ ನಗರದ ಇಗರ್ಜಿಯದು.

ಈ ಊರಿನಲ್ಲಿ ಓಡಾಡುವ ಕನ್ನಡಿಗನಿಗೆ ಎ. ಕೆ. ರಾಮಾನುಜನ್ ನೆನಪಾಗದಿರುವುದಿಲ್ಲ. ೧೯೬೦ರ ದಶಕದ ಮೊದಲಿನಿಂದ ೧೯೯೩ರಲ್ಲಿ ತೀರಿಕೊಳ್ಳುವವರೆಗೆ ಅವರು ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿದ್ದರು. ಅವರ ವಚನಗಳ ಅನುವಾದ 'ಸ್ಪೀಕಿಂಗ್ ಆಫ್ ಶಿವ' ಬಂದದ್ದು ೧೯೭೩ರಲ್ಲಿ, ಸಿಯರ್ಸ್ ಗೋಪುರ ತುದಿ ಮುಟ್ಟಿದ ವರ್ಷದಲ್ಲಿ. ಅದರ ಪೀಠಿಕೆ ಎತ್ತಿಕೊಳ್ಳುವುದೇ ಬಸವಣ್ಣನವರ ಸ್ಥಾವರ-ಜಂಗಮದ ವಚನವನ್ನು. ನಿಂತದ್ದು ಅಳಿಯುತ್ತದೆ ಎಂಬುದಕ್ಕೆ ಷಿಕಾಗೋದಷ್ಟು ಉದಾಹರಣೆ ಕೊಡುವ ಊರು ಇನ್ನೊಂದಿರ‍ಲಾರದು. ಜೆನ್ನಿಯ ಕಟ್ಟಡ ಬಾಳಿದ್ದು ನಲವತ್ತಾರು ವರ್ಷ. ಸಲಿವನ್ನನ ಗ್ಯಾರಿಕ್ ರಂಗಮಂದಿರವನ್ನು ೧೯೬೧ರಲ್ಲಿ ಕೆಡವಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸಿದರು. ಆದರೆ ಆ ವಚನವನ್ನು ಕೆಡವುವವರ ಪರವಾನಗಿಯಾಗಿ ಓದಿದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಉಳ್ಳವರ ಕಟ್ಟುವಿಕೆಯನ್ನು ಸಂದೇಹಿಸಿದ ಮಾತು ಉಳ್ಳವರ ಕೆಡವುವಿಕೆಯನ್ನು ಮೆಚ್ಚೀತೆ?

ಗ್ಯಾರಿಕ್ ಕೆಡವುವಾಗ ಬೀದಿಯಲ್ಲಿ ಫಲಕ ಹಿಡಿದು ನಿಂತವರಲ್ಲಿ ರಿಚರ್ಡ್ ನಿಕಲ್ ಎಂಬ ಛಾಯಾಗ್ರಾಹಕನಿದ್ದ. ವಿದ್ಯಾರ್ಥಿಯಾಗಿದ್ದಾಗ ಸಲಿವನ್ನನ ಕಟ್ಟಡಗಳ ಚಿತ್ರ ತೆಗೆಯುವ ಪಾಠವೊಂದು ಅವನ ಪಾಲಿಗೆ ಬಂತು. ಅವನು ಅದನ್ನು ಬಿಡಲೇ ಇಲ್ಲ. ಉಳಿಸಲು ಹೋರಾಡಿದ; ಉಳಿಯದಿದ್ದಾಗ ಕೆಡವುವವರ ಹಿಂದೆಯೇ ಹೋಗಿ ಎಲೆ ಬಳ್ಳಿಗಳ ಚೂರುಗಳನ್ನು ಕೈಯಾರೆ ಬಿಡಿಸಿ ಮನೆಯಲ್ಲಿ ತುಂಬಿಕೊಂಡ. ಮೊನ್ನೆ ಮೊನ್ನೆಯವರೆಗೂ ಯಾರಿಗೂ ಬೇಡವಾಗಿದ್ದ, ಭಾರ ಹೊರದ ತುಂಡುಗಳು ಅವು. ೧೮೯೪ರಲ್ಲಿ ಮುಗಿದಿದ್ದ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡದ ಸರದಿ ೧೯೭೨ರಲ್ಲಿ ಬಂತು. ಏಪ್ರಿಲ್ ೧೩ರಂದು ಅವನೊಬ್ಬನೇ ಆ ಅರೆಬಿದ್ದ ಕಟ್ಟಡದೊಳಕ್ಕೆ ಹೋದ; ಮೇಲಿನದು ಕುಸಿಯಿತು. ದೇಹ ಸಿಕ್ಕಿದ್ದು ವಾರಗಳ ಮೇಲೆ. ವಯಸ್ಸು ನಲವತ್ತಮೂರು. ಅವನು ಬರೆಯಬೇಕೆಂದಿದ್ದ ಸಲಿವನ್ನನ ಸಮಗ್ರ ಕೃತಿಗಳ ಗ್ರಂಥ ೨೦೧೦ರಲ್ಲಿ ಇತರರ ಶ್ರಮದಿಂದ ಹೊರಬಂತು. ವಿಮರ್ಶಕನಿಗೆ ತನ್ನ ಅಭಿಪ್ರಾಯದಿಂದ ಆಗುವ ಅಪಾಯ ಸಾಮಾನ್ಯವಾಗಿ ಒಬ್ಬಿಬ್ಬರು ಕವಿಗಳ ಮುನಿಸು. ಅಭಿರುಚಿಗೆ ಪ್ರಾಣ ತೆತ್ತವನನ್ನು ನಾನು ಬೇರೆ ಕೇಳಿಲ್ಲ.

ಆ ಕಟ್ಟಡದ ವ್ಯಾಪಾರದ ಸಭಾಂಗಣವನ್ನು, ಉಳಿಸಿಕೊಂಡ ಚೂರುಗಳಿಂದ, ಆರ್ಟ್ ಇನ್‌ಸ್ಟಿಟ್ಯೂಟಿನೊಳಗೆ ಮತ್ತೆ ಕಟ್ಟಿದ್ದಾರೆ. ೧೮೯೩ರ ಸೆಪ್ಟೆಂಬರಿನಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದ್ದು ಈ ಸಂಸ್ಥೆಯ ಹಳೆಯ ಕಟ್ಟಡದಲ್ಲಿಯೇ. ಆ ದಿನಗಳಲ್ಲಿ ಸ್ಟಾಕ್ ಎಕ್ಸ್‌ಚೇಂಜ್ ಇನ್ನೂ ಮೇಲೇಳುತ್ತಿತ್ತು. ಸಭಾಂಗಣದ ಗೋಡೆ ಸೂರುಗಳ ಮೇಲೆ ಹತ್ತಾರು ಬಣ್ಣಗಳ ಅಚ್ಚುಚಿತ್ತಾರ. ಹಸುರು, ಹಳದಿ, ಕಾವಿ. ಹಣ ಎಣಿಸುವವರು ಕೂಗಾಡುತ್ತಿದ್ದ ಕೋಣೆಗೆ ಇಷ್ಟು ಬಣ್ಣವೇಕೆಂದು ಕೇಳಬಹುದು. ಕೂಗು ಈಗಿಲ್ಲ, ಬಣ್ಣವಿದೆ.

ಹೊರಗೆ, ಮನ್ರೋ ಮತ್ತು ಕೊಲಂಬಸ್ ರಸ್ತೆಗಳ ಮೂಲೆಯಲ್ಲಿ, ಅದೇ ಕಟ್ಟಡದ ಹೆಬ್ಬಾಗಿಲ ಕಮಾನನ್ನು ಹುಲ್ಲಿನ ಮೇಲೆ ನಿಲ್ಲಿಸಿದ್ದಾರೆ. ಒಂದು ಕಾಲಕ್ಕೆ ಹದಿಮೂರು ಅಂತಸ್ತಿನ ಕೆಳಗೆ ನಿಂತಿದ್ದ ಬಾಗಿಲು. ಈಗ ಅದರ ಹಿಂದೆ ಮನೆಯಿಲ್ಲ, ಮುಂದೆ ಕಾರುಗಳ ರಸ್ತೆ. ನಾನು ಅದರ ಅಡಿಯಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹಾದುಬಂದೆ. ಸೋದರಳಿಯ ದೂರದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದ.

"ಇದೂ ಈಗ ಏನೂ ಭಾರ ಹೊರ್ತಿಲ್ಲ, ಮಾವ" ಎಂದ. ಎಂದವನು, ಬಿಸಿಲು ಇಳಿಯುವ ಮುನ್ನ ಒಂದು ಚಿತ್ರ ತೆಗೆಯುತ್ತೇನೆ, ಸ್ವಲ್ಪ ಪಕ್ಕಕ್ಕೆ ಬನ್ನಿ, ಚಿತ್ತಾರ ಮರೆಯಾಗುತ್ತದೆ ಎಂದು ನನ್ನನ್ನೇ ಸರಿಸಿದ.